ಮಲಗಿದ ಮೋಟರ್ ಎಬ್ಬಿಸುವ ಕಸುಬು

ಗೋಕಾಕ ಬಳಿಯ ಮೇಲವಂಕಿ ಕಡೆಯ ಕಬ್ಬಿನ ತೋಟಗಳಲ್ಲಿ ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟ್ ಬಂತೆಂದರೆ ಮನೆಯಲ್ಲಿ ಯಾರಾದರೊಬ್ಬರು ಏಳಲೇಬೇಕಿತ್ತು. ಕೈಯಲ್ಲಿ ಬ್ಯಾಟರಿ, ಕಾಲಲ್ಲಿ ಹಳೇ ಚಪ್ಪಲಿ, ಒಡ್ಡಿನ ಮೇಲೆ ಹಾವು ಚೇಳಿನ ಭಯ. ಇಷ್ಟೆಲ್ಲ ದಾಟಿ ಹೋಗಿ ಮಾಡಬೇಕಾದ ಕೆಲಸವೆಂದರೆ ಒಂದು ಹಸಿರು ಗುಂಡಿ ಒತ್ತುವುದು. ಆ ನಡಿಗೆಯನ್ನು ತಪ್ಪಿಸಲು ಘಟಪ್ರಭಾ ನದಿಯ ಸೀಮೆಯ ರೈತರು ಏನೇನು ಮಾಡಿದರು, ಅದು ಯಾವಾಗ ಯಾವಾಗ ಕೈಕೊಟ್ಟಿತು ಎಂಬುದಕ್ಕೂ ಒಂದು ಚರಿತ್ರೆ ಇದೆ.

ಈ ನದಿಯ ಬಲವನ್ನು ಯಂತ್ರಕ್ಕೆ ಹೂಡಿದ್ದು ಹೊಸತೇನಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿ 1887ರಲ್ಲೇ ನೀರಿನ ಶಕ್ತಿಯಿಂದ ಶುರುವಾಯಿತು. ಕಂಪನಿಯ ಹೆಸರಿನಲ್ಲೇ ‘ವಾಟರ್ ಪವರ್’ ಇತ್ತು. ಆದರೆ ಆ ಬಲವೆಲ್ಲ ಗಿರಣಿಯ ಪಾಲಾಯಿತು. ಹೊಲದವರೆಗೆ ತಂತಿ ಬರಲು ಬಹಳ ಕಾಲ ಹಿಡಿಯಿತು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಗ್ರಾಮೀಣ ವಿದ್ಯುದೀಕರಣ ನಿಗಮದ ಬೆಂಬಲದಿಂದ ದೇಶದಲ್ಲಿ ಪ್ರಯೋಗಕ್ಕೆಂದು ಕಟ್ಟಿದ ಮೊದಲ ಐದು ಸಂಘಗಳಲ್ಲಿ ಅದೂ ಒಂದು. ಗುಜರಾತಿನ ಕೊಡಿನಾರ್, ಆಗಿನ ಆಂಧ್ರದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಅದರ ಜೊತೆಯವು. ಗೋಕಾಕ, ಮೂಡಲಗಿ ಕಡೆಯವರು ಮೊದಲು ವಿದ್ಯುತ್ ಮಂಡಳಿಯ, 2002ರಿಂದ ಹೆಸ್ಕಾಂ ವಿದ್ಯುತ್ ಕಂಪನಿಯ ಗಿರಾಕಿಗಳು. ತಾಲ್ಲೂಕಿನ ಗಡಿ ದಾಟಿದರೆ ಲೈನ್‌ಮನ್ ಬೇರೆ, ಕಚೇರಿ ಬೇರೆ. ಗುಂಡಿ ಒತ್ತುವ ಪಾಡು ಮಾತ್ರ ಎರಡೂ ಕಡೆ ಒಂದೇ.

ಈ ಪಾಡಿಗೆ ಕಾರಣ ಸ್ಟಾರ್ಟರಿನ ಒಳಗೇ ಇದೆ. ಅದರಲ್ಲೊಂದು ನೋ-ವೋಲ್ಟ್ ಕಾಯಿಲ್. ಕರೆಂಟ್ ಇರುವವರೆಗೆ ಅದು ಕಾಂಟ್ಯಾಕ್ಟುಗಳನ್ನು ಎಳೆದು ಹಿಡಿದಿರುತ್ತದೆ. ಕರೆಂಟ್ ಹೋದೊಡನೆ ಬಿಟ್ಟುಬಿಡುತ್ತದೆ. ಕರೆಂಟ್ ತಿರುಗಿ ಬಂದರೂ ಮೋಟರ್ ತಾನಾಗಿ ಎದ್ದು ಕೂರಬಾರದು, ಆಗ ಯಾರದೋ ಕೈ ಬೆಲ್ಟಿನ ಮೇಲೆ ಇದ್ದೀತು ಎಂಬುದು ತಯಾರಕರ ಎಚ್ಚರ. ರೈತನಿಗೆ ಅದೇ ಕಿರಿಕಿರಿ. ಹಸಿರು ಗುಂಡಿಗೆ ಕಟ್ಟಿಗೆ ಚೂರು ಸಿಗಿಸಿ ಮನೆಗೆ ಬಂದು ಮಲಗುವ ಉಪಾಯ ಮೊದಲು ಬಂತು, ಆಟೋ ಸ್ಟಾರ್ಟರ್ ಆಮೇಲೆ. ಕರೆಂಟ್ ಬಂದ ಕೂಡಲೇ ಒಂದು ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿನ ಅಷ್ಟೂ ಮೋಟರುಗಳು ಒಟ್ಟಿಗೇ ಏಳತೊಡಗಿದವು. ಓಡುವಾಗ ಎಳೆಯುವುದಕ್ಕಿಂತ ಆರೇಳು ಪಟ್ಟು ಕರೆಂಟನ್ನು ಮೋಟರ್ ಏಳುವಾಗ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತಿತ್ತು, ಒಮ್ಮೊಮ್ಮೆ ಟಿಸಿಯೇ ಸುಟ್ಟು ಹೋಗುತ್ತಿತ್ತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತವಾದ ಮೇಲೆ, ಎದ್ದ ಮೋಟರನ್ನು ಮಲಗಿಸುವ ಅವಸರವೂ ಯಾರಿಗೂ ಉಳಿಯಲಿಲ್ಲ.

ಮೊಬೈಲ್ ಈ ಕಥೆಗೆ ಬಂದದ್ದು ಪಕ್ಕದ ಮಹಾರಾಷ್ಟ್ರದಿಂದ. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ‘ನ್ಯಾನೋ ಗಣೇಶ್’ ಎಂಬ ಪೆಟ್ಟಿಗೆ ಮಾಡಿ, ಫೋನಿನಿಂದಲೇ ಪಂಪನ್ನು ಚಾಲೂ ಬಂದ್ ಮಾಡುವುದನ್ನು ತೋರಿಸಿದರು. 2009ರಲ್ಲಿ ನೋಕಿಯಾ ನಡೆಸಿದ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನವೂ ಬಂತು. ಆಮೇಲೆ ಇಂಥ ಮೊಬೈಲ್ ಸ್ಟಾರ್ಟರುಗಳು ಹತ್ತಾರು ಹೆಸರಿನಲ್ಲಿ ಬಂದವು. ಒಳಗೊಂದು ಸಿಮ್, ಹೊರಗೊಂದು ಏರಿಯಲ್, ಕರೆಂಟ್ ಇಲ್ಲದಾಗ ಕಾಯಲು ಸಣ್ಣ ಬ್ಯಾಟರಿ. ಕೆಲವಕ್ಕೆ ಮಿಸ್ಡ್ ಕಾಲ್ ಸಾಕು. ಕೆಲವು ಕರೆ ಎತ್ತಿಕೊಂಡು ಅಂಕಿ ಒತ್ತುವವರೆಗೆ ಕಾಯುತ್ತವೆ.

ಎಡವಟ್ಟು ಶುರುವಾದದ್ದು ಹೊಲದಲ್ಲಲ್ಲ, ನೆಟ್‌ವರ್ಕಿನಲ್ಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಆಗ ಅದರಲ್ಲಿ ಇದ್ದದ್ದು 4ಜಿ ಮಾತ್ರ. ಪೆಟ್ಟಿಗೆಯ ಒಳಗಿನ ಮಾಡೆಮ್ 2ಜಿ ಕಾಲದ್ದು; ಅಗ್ಗವೆಂದು ಜಿಯೋ ಸಿಮ್ ಹಾಕಿದವರ ಮೋಟರ್ ಎಷ್ಟು ಕರೆದರೂ ಮಿಸುಕಲಿಲ್ಲ. 2018ರ ಕೊನೆಯಲ್ಲಿ ಏರ್‌ಟೆಲ್, ವೊಡಾಫೋನ್ ಐಡಿಯಾ ಕಂಪನಿಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿ ರೀಚಾರ್ಜ್ ಎಂಬ ನಿಯಮ ತಂದವು. ತೋಟದ ಪೆಟ್ಟಿಗೆಯಲ್ಲಿ ಬರೀ ಕರೆ ಸ್ವೀಕರಿಸುತ್ತ ಕೂತಿದ್ದ ಸಿಮ್ಮಿಗೆ ಯಾರೂ ದುಡ್ಡು ಹಾಕುತ್ತಿರಲಿಲ್ಲ; ಈಗ ಆ ಕರೆಯೂ ನಿಂತಿತು. ಕೆಟ್ಟದ್ದು ಏನೂ ಇಲ್ಲ, ಆದರೂ ನೀರಿಲ್ಲ. “ಮೋಟಾರ ಸುಟ್ಟೈತಿ” ಎಂದು ವೈಂಡಿಂಗ್ ಅಂಗಡಿಗೆ ಹೊತ್ತು ತಂದರೆ ಅಲ್ಲಿ ಮೋಟರ್ ಸರಿಯಾಗಿಯೇ ತಿರುಗುತ್ತದೆ.

ಕಂಪ್ಯೂಟರಿನವರು ಪಟ್ಟ ಪಾಡೂ ಬೇರೆಯಲ್ಲ. 1995ರಲ್ಲಿ ಎಎಂಡಿ ಮತ್ತು ಎಚ್‌ಪಿ ಕಂಪನಿಗಳು ಬಂದ್ ಆದ ಕಂಪ್ಯೂಟರನ್ನು ದೂರದಿಂದ ಎಬ್ಬಿಸಲು ‘ಮ್ಯಾಜಿಕ್ ಪ್ಯಾಕೆಟ್’ ಎಂಬ ವಿಧಾನ ಮುಂದಿಟ್ಟವು: ಮೊದಲು ಆರು ಬೈಟ್ ಎಚ್ಚರಿಕೆ, ಆಮೇಲೆ ನೆಟ್‌ವರ್ಕ್ ಕಾರ್ಡಿನ ವಿಳಾಸ ಹದಿನಾರು ಸಲ, ಒಟ್ಟು 102 ಬೈಟ್. ಬಂದ್ ಆದ ಕಂಪ್ಯೂಟರಿನಲ್ಲಿ ಆ ಕಾರ್ಡಿಗಷ್ಟೇ ಸ್ವಲ್ಪ ಕರೆಂಟ್ ಹರಿಯುತ್ತಿರುತ್ತದೆ. ತನ್ನ ಹೆಸರು ಕೇಳಿದರೆ ಉಳಿದದ್ದನ್ನು ಎಬ್ಬಿಸುತ್ತದೆ. 2012ರ ವಿಂಡೋಸ್ 8 ‘ಫಾಸ್ಟ್ ಸ್ಟಾರ್ಟಪ್’ ತಂದಿತು. ಯಂತ್ರ ಬೇಗ ಏಳಲೆಂದು ಅರ್ಧ ನೆನಪನ್ನು ಡಿಸ್ಕಿನಲ್ಲಿಟ್ಟು ಮಲಗುವ ಪದ್ಧತಿ ಅದು. ಹಾಗೆ ಮಲಗಿಸುವಾಗ ಕಾರ್ಡನ್ನು ಕಾವಲಿಗೆ ನಿಲ್ಲಿಸುವುದನ್ನು ವಿಂಡೋಸ್ ಕೈಬಿಟ್ಟಿತು. ವಿಂಡೋಸ್ 7ರಲ್ಲಿ ದೂರದಿಂದ ಏಳುತ್ತಿದ್ದ ಎಷ್ಟೋ ಯಂತ್ರಗಳು ಅಪ್‌ಡೇಟಿನ ಮರುದಿನ ಕಿವುಡಾದವು. ಡ್ರೈವರ್ ಬದಲಾದಾಗ ಹಳೆಯ ಸೆಟ್ಟಿಂಗ್ ಅಳಿಸಿಹೋಗುವುದು ಇನ್ನೊಂದು ಮಾಮೂಲಿ ಕಾಟ. ಸುಧಾರಣೆ ಮಾಡುವವರ ಲೆಕ್ಕದಲ್ಲಿ ಎದ್ದಿರುವ ಯಂತ್ರ ಇರುತ್ತದೆ, ಪೂರ್ತಿ ಮಲಗಿದ್ದೂ ಇರುತ್ತದೆ. ಮಲಗಿದ್ದರ ಬಾಗಿಲಲ್ಲಿ ಎಚ್ಚರವಿರುವ ಆ ಚಿಕ್ಕ ಭಾಗ ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಬಲ್ಲವರು ಹುಡುಕುವುದು ಅಲ್ಲಿಂದಲೇ. ಕಂಪ್ಯೂಟರ್ ಬಂದ್ ಮಾಡಿ ಹಿಂದಿನ ಕೇಬಲ್ ಪೋರ್ಟಿನ ದೀಪ ನೋಡುತ್ತಾರೆ. ದೀಪವೇ ಆರಿದ್ದರೆ ಪ್ಯಾಕೆಟ್ ಕಳಿಸಿ ಉಪಯೋಗವಿಲ್ಲ: ಫಾಸ್ಟ್ ಸ್ಟಾರ್ಟಪ್ ತೆಗೆಯಬೇಕು, ಬಯೋಸಿನಲ್ಲಿ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ನೋಡಬೇಕು, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿಗೆ ಎಬ್ಬಿಸುವ ಅನುಮತಿ ತಿರುಗಿ ಕೊಡಬೇಕು. ತೋಟದಲ್ಲಿಯೂ ಕ್ರಮ ಅದೇ. ಮೋಟರ್ ಮುಟ್ಟುವ ಮೊದಲು ಪೆಟ್ಟಿಗೆಯ ದೀಪ, ಆಮೇಲೆ ಸಿಮ್ಮಿನ ರೀಚಾರ್ಜ್. ಅದೇ ಸಿಮ್ಮನ್ನು ಫೋನಿಗೆ ಹಾಕಿ ಒಂದು ರಿಂಗ್ ಕೊಟ್ಟು ನೋಡುವುದು. ಆಮೇಲೆ ಬ್ಯಾಟರಿ, ಮೂರೂ ಫೇಸು. ಸ್ಟಾರ್ಟರಿನ ಮುಚ್ಚಳ ತೆಗೆಯುವುದು ಕಡೆಗೆ.

2019ರ ಕುಸುಮ್ ಯೋಜನೆಯಿಂದ ಪಂಪ್‌ಸೆಟ್ಟುಗಳ ಫೀಡರಿಗೆ ಹಗಲಿನಲ್ಲೇ ಸೋಲಾರ್ ಕರೆಂಟ್ ಕೊಡುವ ಕೆಲಸ ರಾಜ್ಯದಲ್ಲಿ ನಡೆದಿದೆ. ರಾತ್ರಿಯ ನಡಿಗೆ ಅದರಿಂದ ತಪ್ಪೀತು. ಮೊಬೈಲ್ ಸ್ಟಾರ್ಟರ್ ಮಾರುವವರು ಅದಕ್ಕಾಗಿ ಚಿಂತೆ ಮಾಡಬೇಕಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲು ಕರೆಂಟ್ ಬಂದ ಹೊತ್ತಿಗೆ ರೈತ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರಿನ ಸಾಲಿನಲ್ಲಿ ಇರುತ್ತಾನೆ.