ಪುಸ್ತಕಕ್ಕೊಂದು ನೆಲೆ

ಗ್ರಂಥಾಲಯದಲ್ಲಿ ಒಂದು ಪುಸ್ತಕವನ್ನು ಎಲ್ಲಿಡಬೇಕು ಎಂಬುದು ಮೇಲುನೋಟಕ್ಕೆ ಜವಾನನ ಕೆಲಸವೆಂದು ತೋರೀತು. ನಾನು ಅಧ್ಯಾಪಕನಾಗಿದ್ದಾಗ ವಿದ್ಯಾರ್ಥಿಯೊಬ್ಬ ಬಸವಣ್ಣನವರ ವಚನ ಸಂಪುಟವನ್ನು ಕಾಲೇಜಿನ ಗ್ರಂಥಾಲಯದ ಸಾಹಿತ್ಯದ ಸಾಲಿನಲ್ಲಿ ಹುಡುಕಿ, ಇಲ್ಲವೆಂದು ಬರಿಗೈಯಲ್ಲಿ ಮರಳಿದ. ಪುಸ್ತಕ ಅಲ್ಲಿಯೇ ಇತ್ತು, ಧರ್ಮದ ಸಾಲಿನಲ್ಲಿ. ಇಟ್ಟವನದು ತಪ್ಪಲ್ಲ, ಹುಡುಕಿದವನದೂ ತಪ್ಪಲ್ಲ.

ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ದಶಾಂಶ ವರ್ಗೀಕರಣವನ್ನು ಪ್ರಕಟಿಸಿದನು. ಸಮಸ್ತ ಜ್ಞಾನವನ್ನು ಹತ್ತು ವರ್ಗಗಳಾಗಿ, ಪ್ರತಿಯೊಂದನ್ನೂ ಮತ್ತೆ ಹತ್ತಾಗಿ ವಿಂಗಡಿಸುವ ಈ ಕ್ರಮದಲ್ಲಿ ಸಂಖ್ಯೆಯು ಕಪಾಟಿಗಲ್ಲ, ಪುಸ್ತಕದ ವಿಷಯಕ್ಕೆ ಸೇರಿದ್ದು. ಅದರ ಉಪಕಾರ ದೊಡ್ಡದು. ಆದರೆ ಧರ್ಮದ ವರ್ಗದಲ್ಲಿ 220ರಿಂದ 280ರವರೆಗೆ ಕ್ರೈಸ್ತಮತವೇ. ಜಗತ್ತಿನ ಉಳಿದೆಲ್ಲ ಧರ್ಮಗಳಿಗೆ 290 ಒಂದೇ. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಮೂರಂಕಿ. ಸಾವಿರ ವರ್ಷ ಮೀರಿದ ನಮ್ಮ ಸಾಹಿತ್ಯಕ್ಕೆ 894.814. ಎಣಿಸುವವನು ಎಲ್ಲಿ ನಿಂತಿರುವನೋ ಅಲ್ಲಿಂದಲೇ ಎಣಿಕೆ ಮೊದಲಾಗುತ್ತದೆ.

ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ತರಬೇತಿಗೆಂದು ಲಂಡನ್ನಿಗೆ ಹೋದಾಗ, ಅಂಗಡಿಯೊಂದರಲ್ಲಿ ಬಿಡಿಭಾಗಗಳಿಂದ ಬಗೆಬಗೆಯ ಆಕೃತಿಗಳನ್ನು ಕಟ್ಟುವ ಮೆಕಾನೋ ಆಟಿಕೆಯನ್ನು ಕಂಡರು. ವಿಷಯವನ್ನೂ ಹೀಗೆಯೇ ಕಟ್ಟಬಹುದಲ್ಲವೇ ಎಂಬ ಹೊಳಹು ಅಲ್ಲಿ ಮೂಡಿತು. 1933ರ ಅವರ ಕೋಲನ್ ವರ್ಗೀಕರಣ ಸಿದ್ಧಸಂಖ್ಯೆಗಳ ಪಟ್ಟಿಯಷ್ಟೇ ಅಲ್ಲ. ವಿಷಯದ ಮುಖಗಳನ್ನು ಬಿಡಿಸಿ, ಅವುಗಳ ಸಂಕೇತಗಳನ್ನು ವಿರಾಮಚಿಹ್ನೆಯಿಂದ ಜೋಡಿಸುವ ವಿಧಾನ. ಮುಂದೆ ಅವರು ಈ ಮುಖಗಳನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂದು ಐದಾಗಿ ನಿರೂಪಿಸಿದರು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆಯ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ಹಾಗೆಂದು ವಚನ ಸಂಪುಟದ ತೊಡಕು ಪೂರ್ತಿ ಬಗೆಹರಿಯಿತೇ? ಇಲ್ಲ. ಒಂದು ಪ್ರತಿ ಎರಡು ಕಪಾಟುಗಳಲ್ಲಿ ಇರಲಾರದು. ಆದರೆ ಸೂಚಿಯಲ್ಲಿ ಅದಕ್ಕೆ ಹಲವು ಬಾಗಿಲುಗಳನ್ನು ತೆರೆಯಬಹುದು. ಇಂದಿನ ಗಣಕಯಂತ್ರದ ದತ್ತಸಂಚಯ ಮಾಡುವುದೂ ಇದನ್ನೇ: ಒಂದೇ ದಾಖಲೆಯನ್ನು ಕರ್ತೃ, ಭಾಷೆ, ಕಾಲ, ವಿಷಯ ಇವುಗಳಲ್ಲಿ ಯಾವುದನ್ನು ಹಿಡಿದು ಹೋದರೂ ತಲುಪಬಹುದು. ಆದರೆ ಯಂತ್ರ ತಾನಾಗಿ ಬಾಗಿಲು ಕೊರೆಯದು. ದಾಖಲೆ ಬರೆದವನು ‘ಧರ್ಮ’ ಎಂದಷ್ಟೇ ಬರೆದು ನಿಲ್ಲಿಸಿದರೆ, ಕಾವ್ಯವನ್ನು ಅರಸಿ ಬಂದ ಹುಡುಗ ಇಂದೂ ಬರಿಗೈಯಲ್ಲೇ ಮರಳುತ್ತಾನೆ. ಪುಸ್ತಕವನ್ನು ಓದಿ ಬಲ್ಲವನೇ ಅದರ ನೆಲೆಯನ್ನು ಗುರುತಿಸಬೇಕು. ಇದು ಜವಾನನ ಕೆಲಸವಲ್ಲ, ವಿದ್ವಾಂಸನ ಕೆಲಸ.