ವೇತನಮಿತಿ, ಆಟಗಾರರ ವಿನಿಮಯ ಮತ್ತು ಬೆಂಗಳೂರಿನ ತಂಡ (2008–2025)

ಊರಿನ ಹೆಸರನ್ನು ಹೊತ್ತ ತಂಡದಲ್ಲಿ ಆ ಸೀಮೆಯವರೇ ಆಡಬೇಕೆಂಬ ನಿರೀಕ್ಷೆಯು ಸಹಜವಾದುದು. ರಣಜಿ ಪಂದ್ಯಾವಳಿಯ ಕರ್ನಾಟಕ ತಂಡವು ಬಹುಮಟ್ಟಿಗೆ ಈ ನಿರೀಕ್ಷೆಗೆ ತಕ್ಕಂತೆಯೇ ನಡೆದುಬಂದಿದೆ. ಆದರೆ 2008ರಲ್ಲಿ ಆರಂಭವಾದ ಇಂಡಿಯನ್ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರಿನ ಹೆಸರುಳ್ಳ ತಂಡದಿಂದ ಕರ್ನಾಟಕದ ಆಟಗಾರರು ಒಬ್ಬೊಬ್ಬರಾಗಿ ಚದುರಿಹೋದರು. ಇದು ಒಡೆಯರ ನಿರಭಿಮಾನದ ಫಲವೆಂಬ ಆಕ್ಷೇಪವು ಮೇಲಿಂದ ಮೇಲೆ ಕೇಳಿಬರುತ್ತದೆ. ಆಕ್ಷೇಪವು ಪೂರ್ಣವಾಗಿ ನಿರಾಧಾರವಲ್ಲ. ಆದರೂ ಈ ಚದುರುವಿಕೆಯ ಮೂಲವನ್ನು ಒಡೆಯರ ಮನಸ್ಸಿನಲ್ಲಿ ಹುಡುಕುವುದಕ್ಕಿಂತ ಮೊದಲು ವೇತನಮಿತಿ ಎಂಬ ಕಟ್ಟಳೆಯಲ್ಲಿ ಹುಡುಕುವುದು ಯುಕ್ತವಾಗಿ ತೋರುತ್ತದೆ.

ಈ ಕಟ್ಟಳೆಯು ಭಾರತದಲ್ಲಿ ಹುಟ್ಟಿದುದಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ಫುಟ್‌ಬಾಲ್ ಲೀಗು 1930ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಆಟಗಾರನಿಗೆ ಪಂದ್ಯವೊಂದಕ್ಕೆ 3 ಪೌಂಡುಗಳಿಗಿಂತ ಹೆಚ್ಚು ಕೊಡಕೂಡದೆಂದು ವಿಧಿಸಿತು. ಕೋಲ್ಟರ್ ನಿಯಮವೆಂದು ಪ್ರಸಿದ್ಧವಾದ ಇದು ಶ್ರೀಮಂತ ತಂಡವನ್ನೂ ಬಡ ತಂಡವನ್ನೂ ಒಂದೇ ಅಳತೆಯಲ್ಲಿಡಲು ಹೊರಟಿತು. ಪರಿಣಾಮವೇನಾಯಿತೆಂದರೆ, ಮಿತಿಯಿಲ್ಲದ ಬೇರೊಂದು ಸಂಘವು ಉತ್ತಮ ಆಟಗಾರರನ್ನು ಸೆಳೆಯಿತು. 1938ರಲ್ಲಿ ಲಾರಿ ನ್ಯಾಶನು ಕ್ಯಾಂಬರ್‌ವೆಲ್ಲಿಗೆ ಹೋದನು. 1939ರಲ್ಲಿ 121 ಗೋಲುಗಳನ್ನು ಹೊಡೆದ ಕಾಲಿಂಗ್‌ವುಡ್ಡಿನ ರಾನ್ ಟಾಡನು ಮರುವರ್ಷ ವಿಲಿಯಮ್ಸ್‌ಟೌನಿಗೆ ಹೋದನು. ಆಟಗಾರನ ತಲೆಯ ಮೇಲೆ ಮಿತಿಯಿಡುವ ಬದಲು ತಂಡದ ಒಟ್ಟು ಸಂಬಳದ ಮೇಲೆ ಮಿತಿಯಿಡುವ ಪದ್ಧತಿಯು ಅದೇ ಲೀಗಿನಲ್ಲಿ 1987ರಲ್ಲಿ ಬಂದಿತು. ಭಾರತಕ್ಕೆ ಬಂದುದು ಈ ಎರಡನೆಯ ರೂಪ. ಆದರೆ ಮೊದಲನೆಯದರ ಛಾಯೆಯೂ ಇಲ್ಲಿ ಉಳಿದುಕೊಂಡಿತ್ತೆಂಬುದನ್ನು ಮುಂದೆ ಕಾಣಬಹುದು.

2008ನೆಯ ಇಸವಿ ಫೆಬ್ರವರಿ 20ರಂದು ಮುಂಬಯಿಯಲ್ಲಿ ನಡೆದ ಮೊದಲ ಹರಾಜಿನಲ್ಲಿ ತಂಡವೊಂದಕ್ಕೆ 50 ಲಕ್ಷ ಡಾಲರುಗಳ ಮಿತಿಯಿತ್ತು. ಊರಿಗೂ ತಂಡಕ್ಕೂ ಸಂಬಂಧವುಳಿಯಲೆಂದು ಕೆಲವರನ್ನು ಹರಾಜಿನಿಂದ ಹೊರಗಿರಿಸಿ ‘ಐಕಾನ್’ ಆಟಗಾರರೆಂದು ಕರೆದರು. ಬೆಂಗಳೂರಿಗೆ ರಾಹುಲ್ ದ್ರಾವಿಡರು ದೊರೆತರು. ಆದರೆ ಈ ಗೌರವವು ಪುಕ್ಕಟೆಯಾಗಿರಲಿಲ್ಲ. ತಂಡದ ಅತ್ಯಂತ ದುಬಾರಿ ಆಟಗಾರನಿಗಿಂತ ಐಕಾನ್ ಆಟಗಾರನಿಗೆ ನೂರಕ್ಕೆ 15ರಷ್ಟು ಹೆಚ್ಚು ಕೊಡಬೇಕಾಗಿತ್ತು. ಬೆಂಗಳೂರು ಜಾಕ್ ಕ್ಯಾಲಿಸನನ್ನು 9 ಲಕ್ಷ ಡಾಲರುಗಳಿಗೆ ಕೊಂಡೊಡನೆ ದ್ರಾವಿಡರ ಸಂಬಳವು 10 ಲಕ್ಷ 35 ಸಾವಿರ ಡಾಲರುಗಳಾಯಿತು. ಇಬ್ಬರಿಂದಲೇ ಮಿತಿಯ ಐದರಲ್ಲಿ ಎರಡು ಪಾಲು ಮುಗಿದಂತಾಯಿತು. ಈ ಲೆಕ್ಕವನ್ನು ಮುಂಚಿತವಾಗಿ ಗ್ರಹಿಸಿದವರು ಹೈದರಾಬಾದಿನ ವಿ. ವಿ. ಎಸ್. ಲಕ್ಷ್ಮಣರು. ತಮ್ಮ ತಂಡಕ್ಕೆ ಹೆಚ್ಚು ಹಣವುಳಿಯಲೆಂದು ಅವರು ಐಕಾನ್ ಪದವಿಯನ್ನೇ ಬಿಟ್ಟುಕೊಟ್ಟು 3 ಲಕ್ಷ 75 ಸಾವಿರ ಡಾಲರುಗಳಿಗೆ ಆಡಿದರು. ಆ ತಂಡವು ಆಂಡ್ರೂ ಸೈಮಂಡ್ಸನಿಗೆ 13 ಲಕ್ಷ 50 ಸಾವಿರ ಕೊಟ್ಟಿತು. ಪದವಿಯನ್ನು ಉಳಿಸಿಕೊಂಡಿದ್ದರೆ ಲಕ್ಷ್ಮಣರಿಗೆ 15 ಲಕ್ಷಕ್ಕೂ ಮೇಲೆ ಸಲ್ಲಬೇಕಾಗುತ್ತಿತ್ತು. ಈ ಲೀಗಿನ ಇತಿಹಾಸದಲ್ಲಿ ಇದಕ್ಕಿಂತ ಉದಾತ್ತವಾದ ಲೆಕ್ಕಾಚಾರವು ದೊರೆಯುವುದು ಕಷ್ಟ.

ಹರಾಜಿನ ಹೊರಗೆ ಆಟಗಾರರನ್ನು ಅದಲುಬದಲು ಮಾಡುವ ಪದ್ಧತಿಯು 2009ರಲ್ಲಿ ಕಾಣಿಸಿತು. ಮುಂಬಯಿ ತಂಡದಲ್ಲಿದ್ದ ಕೊಡಗಿನ ರಾಬಿನ್ ಉತ್ತಪ್ಪನು ಬೆಂಗಳೂರಿಗೆ ಬಂದನು. ಬೆಂಗಳೂರಿನ ಜಹೀರ್ ಖಾನನು ಮುಂಬಯಿಗೆ ಹೋದನು. ಉತ್ತಪ್ಪನ ಸಂಬಳ 8 ಲಕ್ಷ ಡಾಲರು, ಜಹೀರನದು 4 ಲಕ್ಷ 50 ಸಾವಿರ. ಒಬ್ಬನಿಗೆ ಪ್ರತಿಯಾಗಿ ಒಬ್ಬನೆಂದು ಮೇಲ್ನೋಟಕ್ಕೆ ಸಮವಾಗಿ ಕಂಡರೂ ಬೆಂಗಳೂರು ಮೂರೂವರೆ ಲಕ್ಷದ ಹೆಚ್ಚಿನ ಹೊರೆಯನ್ನು ಹೊತ್ತಿತ್ತು. ವೇತನಮಿತಿಯಿರುವಲ್ಲಿ ಆಟಗಾರನ ನಿಜವಾದ ಬೆಲೆಯು ಅವನು ಪಡೆಯುವ ಹಣವಲ್ಲ, ಅವನು ತುಂಬುವ ಜಾಗ. ಈ ಕನ್ನಡಿಗನ ಮರಳುವಿಕೆಯೂ ಸ್ಥಿರವಾಗಲಿಲ್ಲ. 2011ರಲ್ಲಿ ಬೆಂಗಳೂರು 18 ಲಕ್ಷ ಡಾಲರಿಗೆ ವಿರಾಟ್ ಕೋಹ್ಲಿಯೊಬ್ಬನನ್ನೇ ಉಳಿಸಿಕೊಂಡಿತು. ಉತ್ತಪ್ಪನು 21 ಲಕ್ಷಕ್ಕೆ ಪುಣೆಗೆ ಹೋದನು. ದ್ರಾವಿಡರು 5 ಲಕ್ಷಕ್ಕೆ ರಾಜಸ್ಥಾನಕ್ಕೆ ಹೋದರು.

2014ನೆಯ ವರ್ಷದ ವೃತ್ತಾಂತವು ವಿಶೇಷವಾಗಿ ಪರಿಶೀಲಿಸತಕ್ಕದ್ದು. ಫೆಬ್ರವರಿಯ ಆರಂಭದಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕವು ರಣಜಿ ಟ್ರೋಫಿಯನ್ನು ಗೆದ್ದಿತು. ಆ ಪಂದ್ಯದಲ್ಲಿ ಕೆ. ಎಲ್. ರಾಹುಲನು 131 ಓಟಗಳನ್ನು ಗಳಿಸಿದನು. ತರುವಾಯ ಬೆಂಗಳೂರಿನಲ್ಲಿ ಇರಾನಿ ಕಪ್ಪು, ಮಾರ್ಚಿಯಲ್ಲಿ ಕಲಕತ್ತೆಯಲ್ಲಿ ವಿಜಯ್ ಹಜಾರೆ ಟ್ರೋಫಿ. ವಿನಯ್ ಕುಮಾರನ ನಾಯಕತ್ವದ ಈ ತಂಡಕ್ಕೆ ಸಮನಾದ ದೇಶೀಯ ತಂಡವು ಆಗ ಬೇರೊಂದಿರಲಿಲ್ಲ. ಇರಾನಿ ಕಪ್ಪು ನಡೆದ ವಾರದಲ್ಲಿಯೇ, ಅದೇ ನಗರದಲ್ಲಿ, 12 ಮತ್ತು 13ನೆಯ ತಾರೀಖುಗಳಂದು ಆಟಗಾರರ ಹರಾಜು ನಡೆಯಿತು. ಮಿತಿಯು 60 ಕೋಟಿ ರೂಪಾಯಿ. ಬೆಂಗಳೂರು ಕೋಹ್ಲಿ, ಗೇಯ್ಲ್, ಡಿ ವಿಲಿಯರ್ಸ್ ಈ ಮೂವರನ್ನು ಉಳಿಸಿಕೊಂಡುದರಿಂದ ನಿಯಮದಂತೆ 12.5, 9.5, 7.5 ಕೋಟಿಗಳು ಕಳೆದು 30.5 ಕೋಟಿ ಉಳಿಯಿತು. ಅದರಲ್ಲಿ 14 ಕೋಟಿಯು ಯುವರಾಜ್ ಸಿಂಗನಿಗೆ ಸಂದಿತು. ಮಿಕ್ಕ ತಂಡವನ್ನೆಲ್ಲ 16.5 ಕೋಟಿಯಲ್ಲಿ ಕಟ್ಟಬೇಕಾಯಿತು. ಕಲಕತ್ತೆಯ ತಂಡವಾದರೋ ಉತ್ತಪ್ಪನನ್ನು 5 ಕೋಟಿಗೆ, ವಿನಯ್ ಕುಮಾರನನ್ನು 2.8 ಕೋಟಿಗೆ, ಮನೀಶ್ ಪಾಂಡೆಯನ್ನು 1.7 ಕೋಟಿಗೆ ಕೊಂಡಿತು. ಮೂವರು ಸೇರಿ 9.5 ಕೋಟಿ. ರಾಹುಲನು ಹೈದರಾಬಾದಿಗೆ ಹೋದನು.

ಜೂನ್ 1ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ಅಂತಿಮ ಪಂದ್ಯವು ನಡೆಯಿತು. ಪಾಂಡೆಯು 94 ಓಟಗಳನ್ನು ಹೊಡೆದು ಕಲಕತ್ತೆಗೆ ಜಯವನ್ನು ತಂದನು. ಆ ವರ್ಷ ಎಲ್ಲರಿಗಿಂತ ಹೆಚ್ಚು, ಅಂದರೆ 660 ಓಟಗಳನ್ನು ಗಳಿಸಿದವನು ಉತ್ತಪ್ಪನು. ಬೆಂಗಳೂರು ಎಂಟು ತಂಡಗಳಲ್ಲಿ ಏಳನೆಯದಾಗಿತ್ತು. ಮಿತಿಯೊಂದೇ ಇದಕ್ಕೆ ಕಾರಣವೆಂದರೆ ಒಪ್ಪಲಾಗದು, 16.5 ಕೋಟಿಯಲ್ಲಿ 1.7 ಕೋಟಿಗೆ ಜಾಗವಿರಲಿಲ್ಲವೆಂದು ಯಾವ ಕರಣಿಕನೂ ಹೇಳಲಾರನು. ಕಟ್ಟಳೆಯು ಚೀಲದ ಗಾತ್ರವನ್ನು ಮಾತ್ರ ನಿಶ್ಚಯಿಸುತ್ತದೆ. ಅದನ್ನು ನಾಲ್ಕು ದೊಡ್ಡ ಹೆಸರುಗಳಿಂದ ತುಂಬಿದುದು ತಂಡದವರ ಆಯ್ಕೆ, ಮತ್ತು ಆ ಆಯ್ಕೆಯು ತಪ್ಪಾಗಿತ್ತು.

ಮಿತಿಯ ಭಾರವು ಹೆಸರಿಲ್ಲದವರ ಮೇಲೆ ಹೆಚ್ಚಾಗಿ ಬಿದ್ದಿತ್ತು. ಭಾರತದ ಪರವಾಗಿ ಆಡಿರದ ದೇಶೀಯ ಆಟಗಾರರಿಗೆ 2011ರಿಂದ 2013ರ ಪರ್ಯಂತ ಹರಾಜಿನಲ್ಲಿ ಸ್ಥಾನವಿರಲಿಲ್ಲ. ಅನುಭವಕ್ಕನುಸಾರ 10, 20 ಅಥವಾ 30 ಲಕ್ಷವೆಂಬ ಗೊತ್ತಾದ ಸಂಬಳವಿತ್ತು. ಕೋಲ್ಟರ್ ನಿಯಮವೇ ಇಲ್ಲಿ ಬೇರೆ ವೇಷದಲ್ಲಿ ಬಂದಿತ್ತು. ಅದಕ್ಕೆ ಮುಂಚೆ, 2010ರಲ್ಲಿ, ರಾಜಸ್ಥಾನದ ರವೀಂದ್ರ ಜಡೇಜನು ಬೇರೆ ತಂಡದೊಡನೆ ತಾನಾಗಿಯೇ ಮಾತುಕತೆ ನಡೆಸಿದನೆಂದು ಒಂದು ವರ್ಷ ಆಡದಂತೆ ತಡೆಯಲಾಗಿತ್ತು. ಅದೇ ಜಡೇಜನನ್ನು 2025ರ ನವೆಂಬರಿನಲ್ಲಿ ಚೆನ್ನೈ ತಂಡವು ನಿಯಮಬದ್ಧವಾಗಿ ಅದೇ ರಾಜಸ್ಥಾನಕ್ಕೆ ವಿನಿಮಯಮಾಡಿತು. 2014ರಿಂದ ದೇಶೀಯ ಆಟಗಾರರೂ ಹರಾಜಿಗೆ ಬಂದರು. ಇದರ ಏರಿಳಿತಕ್ಕೆ ಕರ್ನಾಟಕದ ಕೆ. ಗೌತಮನೇ ದೃಷ್ಟಾಂತ. 2018ರಲ್ಲಿ 20 ಲಕ್ಷದ ಮೂಲಬೆಲೆಯ ಆತನನ್ನು ರಾಜಸ್ಥಾನವು 6.2 ಕೋಟಿಗೆ ಕೊಂಡಿತು. 2019ರಲ್ಲಿ ವಿನಿಮಯದಿಂದ ಪಂಜಾಬಿಗೆ ಹೋದನು. 2021ರಲ್ಲಿ ಚೆನ್ನೈ 9.25 ಕೋಟಿ ಕೊಟ್ಟಿತಾದರೂ ಒಂದು ಪಂದ್ಯವನ್ನೂ ಆಡಿಸಲಿಲ್ಲ. 2022ರಲ್ಲಿ ಲಖನೌ ಕೊಟ್ಟುದು 90 ಲಕ್ಷ.

ರಾಯಚೂರಿನ ಕಡೆಯಿಂದ ನೋಡಿದರೆ ‘ತವರು ತಂಡ’ವೆಂಬ ಮಾತು ಇನ್ನೂ ಜಟಿಲವಾಗುತ್ತದೆ. ಚಂದ್ರಬಂಡ, ಮಾನ್ವಿ, ದೇವದುರ್ಗಗಳ ಸೀಮೆಯು 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯಕ್ಕೆ ಸೇರಿತ್ತು. ಇಂದಿಗೂ ರಾಯಚೂರಿನಿಂದ ಹೈದರಾಬಾದಿಗಿರುವ ದೂರವು ಬೆಂಗಳೂರಿಗಿರುವ ದೂರದ ಅರ್ಧದಷ್ಟು. 2009ರಲ್ಲಿ ಬೆಂಗಳೂರಿನ ಪರವಾಗಿ, ಹೈದರಾಬಾದಿನ ತಂಡಕ್ಕೆ ಎದುರಾಗಿಯೇ, ಈ ಲೀಗಿನಲ್ಲಿ ಶತಕ ಹೊಡೆದ ಮೊದಲ ಭಾರತೀಯನೆನಿಸಿದವನು ಪಾಂಡೆ. 2018ರಿಂದ ನಾಲ್ಕು ವರ್ಷ ಆತನು 11 ಕೋಟಿಯ ಸಂಬಳದಲ್ಲಿ ಹೈದರಾಬಾದಿಗೆ ಆಡಿದನು. ಆ ವರ್ಷಗಳಲ್ಲಿ ರಾಯಚೂರಿನ ಪ್ರೇಕ್ಷಕನಿಗೆ ರಾಜ್ಯದ ಹೆಸರು ಒಂದು ಕಡೆ, ರಾಜ್ಯದ ಆಟಗಾರನು ಮತ್ತೊಂದು ಕಡೆ.

2023ರ ನವೆಂಬರಿನಲ್ಲಿ ವಿನಿಮಯವು ಹೊಸ ರೂಪವನ್ನು ತಾಳಿತು. ಗುಜರಾತಿನಿಂದ ಹಾರ್ದಿಕ್ ಪಾಂಡ್ಯನನ್ನು ತರಲು ಮುಂಬಯಿಗೆ ಮಿತಿಯೊಳಗೆ ಜಾಗ ಬೇಕಾಗಿತ್ತು. ಆ ಜಾಗಕ್ಕಾಗಿ ಕ್ಯಾಮರೂನ್ ಗ್ರೀನನನ್ನು 17.5 ಕೋಟಿಯ ಸಂಬಳದೊಡನೆ ಬೆಂಗಳೂರಿಗೆ ಬಿಟ್ಟುಕೊಟ್ಟಿತು. ಆಟಗಾರನಿಗೆ ಪ್ರತಿಯಾಗಿ ಆಟಗಾರನು ಬರಲಿಲ್ಲ. ಮುಂಬಯಿಯು ಬೇಡಿದುದು ಬರಿದಾದ ಸ್ಥಳವನ್ನು. ಅದೇ ತಿಂಗಳು ದೇವದತ್ತ ಪಡಿಕ್ಕಲ್ಲನು ಆವೇಶ್ ಖಾನನಿಗೆ ಬದಲಾಗಿ ರಾಜಸ್ಥಾನದಿಂದ ಲಖನೌಗೆ ಹೋದನು. ಆತನ ಸಂಬಳವು ಆಗ 7.75 ಕೋಟಿ. ಮರುವರ್ಷದ ಹರಾಜಿನಲ್ಲಿ ಮಿತಿಯು 120 ಕೋಟಿಗೆ ಏರಿತು. ಪಡಿಕ್ಕಲ್ಲನ ಬೆಲೆಯು 2 ಕೋಟಿಗೆ ಇಳಿದು, ಆ ಬೆಲೆಗೆ ಬೆಂಗಳೂರು ಆತನನ್ನು ಮರಳಿ ಪಡೆಯಿತು. ಮಯಾಂಕ್ ಅಗರ್‌ವಾಲನನ್ನು ಅಲ್ಲಿ ಯಾರೂ ಕೊಳ್ಳಲಿಲ್ಲ. 2025ರ ಮೇ ತಿಂಗಳಲ್ಲಿ ಪಡಿಕ್ಕಲ್ಲನು ಗಾಯಗೊಳ್ಳಲು, ಬದಲಿಯಾಗಿ ಮಯಾಂಕನು 1 ಕೋಟಿಗೆ ಬೆಂಗಳೂರಿಗೆ ಬಂದನು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ಓಟಗಳಿಂದ ಸೋಲಿಸಿ ಬೆಂಗಳೂರು ಮೊದಲ ಬಾರಿಗೆ ಪ್ರಶಸ್ತಿಯನ್ನು ಗೆದ್ದಾಗ, ಆ ದಿನದ ಹನ್ನೊಂದು ಮಂದಿಯಲ್ಲಿ ಕರ್ನಾಟಕದ ಪರವಾಗಿ ಆಡಿ ಬೆಳೆದವನು ಮಯಾಂಕನೊಬ್ಬನೇ.