ಸಾಲವೋ, ತಪ್ಪೋ

1820ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಒಬ್ಬರು ಮುಂದೆ ಗುಜರಾತಿ ಭಾಷೆಗೆ ವ್ಯಾಕರಣ ಬರೆದರು. ಹೆಸರು ಜೋಸೆಫ್ ವ್ಯಾನ್ ಸೋಮರೆನ್ ಟೇಲರ್. ತಂದೆ ಲಂಡನ್ ಮಿಷನರಿ ಸೊಸೈಟಿಯವರು. ಬಳ್ಳಾರಿಯಲ್ಲಿ ಆ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಿಂದಲೇ ಇದ್ದರು. ಅವರ ಹಾಗೂ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಮಗ ಟೇಲರ್ 1840ರ ದಶಕದಲ್ಲಿ ಬಡೋದೆ ಸೀಮೆಗೆ ಹೋದರು. ಗುಜರಾತಿ ಬೈಬಲ್ಲಿನ ಪರಿಷ್ಕರಣೆ, 'ಕಾವ್ಯಾರ್ಪಣ' ಎಂಬ ಕೀರ್ತನೆಗಳ ಪುಸ್ತಕ, 1867ರ ವ್ಯಾಕರಣ ಇವೆಲ್ಲ ಅವರ ಕೆಲಸ. ಗುಜರಾತಿಗಳು ಇಂದಿಗೂ ಅವರನ್ನು ನೆನೆಯುವುದು ವ್ಯಾಕರಣಕಾರರೆಂದೇ. ಬಳ್ಳಾರಿಯ ಹೆಸರು ಅಲ್ಲಿ ಯಾರಿಗೂ ಹೊಳೆಯಲಿಕ್ಕಿಲ್ಲ.

ಈ ಎರಡು ನುಡಿಗಳ ಬೈಬಲ್ಲನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಕಡೆ ಕಣ್ಣು ನಿಲ್ಲುತ್ತದೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಅದರಲ್ಲಿ ಕ್ಷಮೆ ಕೇಳುವ ವಾಕ್ಯಕ್ಕೆ ಬಂದಾಗ ಕನ್ನಡದ ಹಳೆಯ ಸತ್ಯವೇದ 'ತಪ್ಪು' ಎನ್ನುತ್ತದೆ. ವಡೋದರಾದ ಗೋರ್ವಾದಲ್ಲೋ ಸೂರತ್ತಿನಲ್ಲೋ ಗುಜರಾತಿ ಬೈಬಲ್ಲಿನ ಹಳೆಯ ಅನುವಾದ ತೆರೆದರೆ ಅದೇ ಜಾಗದಲ್ಲಿ 'ಋಣ' ಎಂದಿದೆ. ಕನ್ನಡದವರು ತಪ್ಪು ಮಾಡಿದವರನ್ನು ಕ್ಷಮಿಸುತ್ತಾರೆ, ಗುಜರಾತಿಯವರು ಸಾಲಗಾರರನ್ನು.

ಮೂಲಕ್ಕೆ ಹತ್ತಿರ ಇರುವುದು ಗುಜರಾತಿ. ಮತ್ತಾಯನ ಗ್ರೀಕ್ ಪದ ತೀರಿಸಬೇಕಾದ ಬಾಕಿಗೆ ಬಳಸುವಂಥದ್ದು. ಲೂಕನು ಅದನ್ನು ಮೊದಲ ಭಾಗದಲ್ಲಿ 'ಪಾಪ' ಎಂದು ತಿದ್ದಿದರೂ ಎರಡನೇ ಭಾಗದಲ್ಲಿ ಸಾಲವನ್ನು ಹಾಗೇ ಉಳಿಸಿಕೊಂಡಿದ್ದಾನೆ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದವಿತ್ತು. ಜರ್ಮನ್ನಿನ 'ಶುಲ್ಡ್' ಕೂಡ ಹಾಗೆಯೇ, ಆದ್ದರಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಾಯ್ನುಡಿಯಲ್ಲಿ ಪ್ರಾರ್ಥಿಸುವಾಗ ಎರಡನ್ನೂ ಒಟ್ಟಿಗೇ ಹೇಳುತ್ತಿದ್ದರು. ಕನ್ನಡಕ್ಕೆ ಆ ಅನುಕೂಲವಿಲ್ಲ. 'ಋಣ' ನಮಗೂ ಇದೆ ನಿಜ. ಆದರೆ ನಮ್ಮಲ್ಲಿ ಅದು ಅನ್ನದ ಋಣ, ತಾಯಿಯ ಋಣ, ಋಣಾನುಬಂಧ. ತೀರಿಸಲಾಗದ ಪ್ರೀತಿಯ ಕಡೆಗೇ ಅದು ವಾಲುತ್ತದೆ. ಅದನ್ನು ಕ್ಷಮಿಸು ಎಂದರೆ ಕೇಳಿದವರು ಗಲಿಬಿಲಿಗೊಂಡಾರು. ಅನುವಾದಕರು 'ತಪ್ಪು' ಎಂದದ್ದರಲ್ಲಿ ತಪ್ಪಿಲ್ಲ. ಆದರೂ ಏನೋ ಕೈತಪ್ಪಿತು.

ಕೈತಪ್ಪಿದ್ದು ಲೆಕ್ಕ. ತಪ್ಪನ್ನು ಮರೆಯಬಹುದು, ಅಷ್ಟೇನೂ ದೊಡ್ಡದಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಸಾಲ ಹಾಗಲ್ಲ. ಮನ್ನಾ ಮಾಡಬೇಕಾದರೆ ಮೊದಲು ಮೊತ್ತ ಎಷ್ಟೆಂದು ಗೊತ್ತಿರಬೇಕು, ಅಷ್ಟೂ ನಷ್ಟವನ್ನು ಕೊಟ್ಟವನೇ ಹೊರಬೇಕು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಪೇತ್ರ ಕೇಳಿದಾಗ ಯೇಸು ಹೇಳಿದ ಕಥೆಯೂ ಸಾಲದ್ದೇ. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಗೂಲಿ ಎಂದು ಹಿಡಿದರೆ ಅದು ಹತ್ತಿರಹತ್ತಿರ ಎರಡು ಲಕ್ಷ ವರ್ಷದ ದುಡಿಮೆ. ಅರಸ ಬಿಟ್ಟುಕೊಟ್ಟ. ಹೊರಗೆ ಬಂದ ಸೇವಕ, ತನಗೆ ನೂರು ದಿನದ ಕೂಲಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ. ನೂರು ದಿನದ ಕೂಲಿಯೂ ಬಡವನಿಗೆ ಸಣ್ಣದಲ್ಲ ಎಂಬುದನ್ನು ಉಪದೇಶ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಗುಜರಾತಿನಲ್ಲಿ ಕ್ಷಮೆಯ ಮಾತಿಗೆ ಬೇರೊಂದು ಹಳೆಯ ದಾರಿಯೂ ಇದೆ. ಸಂವತ್ಸರಿಯ ದಿನ ಜೈನರು ಬಂಧುಗಳಿಗೂ ನೆರೆಯವರಿಗೂ 'ಮಿಚ್ಛಾಮಿ ದುಕ್ಕಡಂ' ಎನ್ನುತ್ತಾರೆ. ನಮ್ಮ ದಿಗಂಬರರ ಕ್ಷಮಾವಣಿಯೂ ಅದೇ ಬಗೆಯದು. ಅಲ್ಲಿ ಪ್ರತಿಯೊಬ್ಬರೂ ತಾನು ನೋಯಿಸಿರಬಹುದೆಂದು ಹೊರಡುತ್ತಾರೆ. ಯೇಸುವಿನ ಪ್ರಾರ್ಥನೆಯಲ್ಲಿ ನೋವು ತಿಂದವನ ಕೈಯಲ್ಲಿ ಪುಸ್ತಕವಿದೆ, ಅವನು ಬರೆದದ್ದನ್ನು ಹೊಡೆದುಹಾಕಬೇಕು. ಹೊಡೆದುಹಾಕುವ ಹಕ್ಕು ಅವನದೊಬ್ಬನದೇ. ಈ ಕೊನೆಯ ಮಾತನ್ನು ಮರೆತಾಗ ಏನಾಗುತ್ತದೆಂಬುದನ್ನು ಗುಜರಾತೇ ಕಂಡಿದೆ. 1998ರ ಕ್ರಿಸ್ಮಸ್ ಹೊತ್ತಿಗೆ ಡಾಂಗ್ ಜಿಲ್ಲೆಯಲ್ಲಿ ಆದಿವಾಸಿ ಕ್ರೈಸ್ತರ ಪ್ರಾರ್ಥನಾಮಂದಿರಗಳು ಸುಟ್ಟುಹೋದವು. 1999ರ ಜನವರಿಯಲ್ಲಿ ಅಲ್ಲಿಗೆ ಬಂದ ಪ್ರಧಾನಿ ವಾಜಪೇಯಿ ಮತಾಂತರದ ಬಗ್ಗೆ ರಾಷ್ಟ್ರೀಯ ಚರ್ಚೆಯಾಗಬೇಕೆಂದರು. ಸುಟ್ಟವರ ಬಾಕಿ ಎಷ್ಟೆಂದು ಲೆಕ್ಕ ಹಾಕುವ ಮೊದಲೇ ಸುಡಿಸಿಕೊಂಡವರು ಲೆಕ್ಕ ಒಪ್ಪಿಸಬೇಕಾಯಿತು. ಇಂಥಲ್ಲಿ ಹೊರಗಿನವರು ಕ್ಷಮೆಯ ಮಾತೆತ್ತುವುದು ಇನ್ನೊಬ್ಬರ ಹಣವನ್ನು ದಾನ ಮಾಡಿದ ಹಾಗೆ.

ಹಕ್ಕಿದ್ದವರೇ ಬಾಕಿಯನ್ನು ಹೊಡೆದುಹಾಕಿದ ಒಂದು ಪ್ರಸಂಗ ಪೂರ್ವ ಗುಜರಾತಿನ ಗಡಿಯಾಚೆ, ಮಧ್ಯಪ್ರದೇಶದ ಮಾಳವದಲ್ಲಿ ನಡೆಯಿತು. ಅದರ ಬೇರು ಕೂಡ ಸಾಲದಲ್ಲೇ ಇತ್ತು. ಕೇರಳದ ಪುಲ್ಲುವಳಿಯ ಸಿಸ್ಟರ್ ರಾಣಿ ಮರಿಯಾ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಂಘದವರು. 1992ರಿಂದ ದೇವಾಸ್ ಜಿಲ್ಲೆಯ ಉದಯನಗರದಲ್ಲಿದ್ದರು. ಅಲ್ಲಿಯ ಆದಿವಾಸಿಗಳು ಸಾಹುಕಾರರಿಗೆ ಬಡ್ಡಿ ಕಟ್ಟಿಯೇ ಸವೆಯುತ್ತಿದ್ದರು. ಸಿಸ್ಟರ್ ಅವರನ್ನು ಉಳಿತಾಯದ ಗುಂಪುಗಳಾಗಿ ಕೂಡಿಸಿದರು, ಸರ್ಕಾರದಿಂದ ಏನೇನು ಸಿಗುತ್ತದೆಂದು ತಿಳಿಸಿದರು. ಸಾಲ ಕೊಡುವವರಿಗೆ ಇದು ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ ಸಮಂದರ್ ಸಿಂಗ್ ಎಂಬ ಯುವಕ, ಪ್ರಯಾಣಿಕರೆಲ್ಲ ನೋಡುತ್ತಿರುವಾಗಲೇ ಅವರನ್ನು ಇರಿದ. ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯಗಳಿದ್ದವು. ಅವರಿಗೆ ಆಗ 41 ವರ್ಷ.

ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಎತ್ತಿಕಟ್ಟಿದವರು ಜೈಲಿನತ್ತ ತಲೆಹಾಕಲಿಲ್ಲ. ಹೊರಗೆ ಹೋದ ಮೇಲೆ ಅವರನ್ನೂ ಮುಗಿಸುವುದೆಂದು ಆತ ಲೆಕ್ಕ ಹಾಕಿಕೊಂಡಿದ್ದ. ಅವನನ್ನು ನೋಡಲು ಹೋದವರು ಸ್ವಾಮಿ ಸದಾನಂದ ಎಂದು ಕರೆಸಿಕೊಳ್ಳುತ್ತಿದ್ದ ಕ್ಯಾಥೊಲಿಕ್ ಪಾದ್ರಿ. ಆಮೇಲೆ, 2002ರಲ್ಲಿ, ಸತ್ತವರ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಕ್ರೈಸ್ತ ಸನ್ಯಾಸಿನಿ ಕ್ಷಮೆಗೆ ಆರಿಸಿಕೊಂಡ ಗುರುತು ಶಿಲುಬೆಯಲ್ಲ, ಆ ಸೀಮೆಯ ಯಾವ ಅಣ್ಣನಿಗೂ ಅರ್ಥವಾಗುವ ದಾರ. ಕೊಲೆಗೂ ಆ ದಾರಕ್ಕೂ ನಡುವೆ ಏಳು ವರ್ಷ ಕಳೆದಿತ್ತು. ಚರ್ಚಿನ ಬರಹಗಳಲ್ಲಿ ಆ ಏಳು ವರ್ಷ ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತದೆ. ಕಲಿಯುವುದು ನಡೆದದ್ದು ಅಲ್ಲೇ ಇರಬೇಕು.

ಮಾರನೆಯ ವರ್ಷ ತಾಯಿ ಏಲೀಶ್ವಾ ಬಂದರು. ಅವನ ಎರಡೂ ಕೈ ಹಿಡಿದು ಮುತ್ತಿಟ್ಟರು. ಆ ಕೈಗಳ ಮೇಲೆ ಮಗಳ ರಕ್ತವಿತ್ತು ಎಂಬುದೇ ಅದಕ್ಕೆ ಅವರು ಕೊಟ್ಟ ಕಾರಣ. ಕೊಲೆಗಾರನ ಕೈ ಕೊಲೆಗಾರನದೇ ಎಂಬುದನ್ನು ಆ ತಾಯಿ ಮರೆಸಲಿಲ್ಲ. ಮೊತ್ತವನ್ನು ಪೂರಾ ಓದಿ ಹೇಳಿ, ಆಮೇಲೆ ಗೆರೆ ಎಳೆದರು.

ಕಾನೂನು ತನ್ನ ಪಾಡಿಗೆ ನಡೆದಿತ್ತು. ಹನ್ನೊಂದು ವರ್ಷ ಒಳಗಿದ್ದ ಮೇಲೆ ಬಿಡುಗಡೆಯ ಮಾತು ಬಂದಾಗ ಸತ್ತವರ ಮನೆಯವರೇ ಒಪ್ಪಿಗೆಗೆ ಸಹಿ ಹಾಕಿದರು. ಶಿಕ್ಷೆ ಕಡಿಮೆ ಮಾಡುವುದಕ್ಕೆ ಹಿಂದಿಯಲ್ಲಿ 'ಮಾಫಿ' ಎನ್ನುತ್ತಾರೆ. ರೈತರ ಸಾಲ ಬಿಡುವುದಕ್ಕೂ ಅದೇ ಪದ, ಗುಜರಾತಿ ಪ್ರಾರ್ಥನೆಯಲ್ಲಿ ಋಣದ ಪಕ್ಕದಲ್ಲಿರುವುದೂ ಅದೇ 'ಮಾಫ್'. 2006ರಲ್ಲಿ ಸಮಂದರ್ ಸಿಂಗ್ ಹೊರಗೆ ಬಂದ. ಮುಂದಿನ ಜನವರಿಯಲ್ಲಿ ಪುಲ್ಲುವಳಿಗೆ ಹೋದ. ಮುದುಕ ತಂದೆ ಪೈಲಿ ಹಾಸಿಗೆ ಹಿಡಿದಿದ್ದರು. ಜೈಲಿಗೆ ಹೋಗಿ ಅವನನ್ನು ನೋಡಲಾಗದಿದ್ದವರು ಅವರು. ಅವನೇ ಅವರ ಬಳಿಗೆ ಹೋಗಿ ಕ್ಷಮೆ ಕೇಳಿದ.